ಬೆಂಚು ಕಿತ್ತ ಭಾನುವಾರ

ನಮ್ಮವರಿಗೆ ಕ್ಲೀವ್‌ಲೆಂಡ್ ಅಂದರೆ ತ್ಯಾಗರಾಜ ಆರಾಧನೆ. ಆ ಊರಿನವರಿಗೆ ಕ್ಲೀವ್‌ಲೆಂಡ್ ಅಂದರೆ ಬ್ರೌನ್ಸ್ ಎಂಬ ಅಮೆರಿಕನ್ ಫುಟ್‌ಬಾಲ್ ತಂಡ. ಭಕ್ತಿ ಎರಡು ಕಡೆಯೂ ಒಂದೇ. ಬ್ರೌನ್ಸ್ ಭಕ್ತರಿಗೆ ಫಲ ಮಾತ್ರ ಸಿಗುವುದಿಲ್ಲ. ನಮ್ಮ ರಾಯರು ಎರಡೂ ಪಂಥಕ್ಕೆ ಸೇರಿದವರು. ತೊಂಬತ್ತರ ದಶಕದ ಶುರುವಿನಿಂದ ಅಲ್ಲೇ ಇದ್ದಾರೆ. ಅವರ ಮನೆಯಲ್ಲಿ 1995 ಎಂಬ ಇಸವಿಯ ಸುದ್ದಿ ಎತ್ತಬಾರದು. ಬ್ರೌನ್ಸ್ ತಂಡ ಬಾಲ್ಟಿಮೋರ್‌ಗೆ ಹೊರಟು ನಿಂತದ್ದು ಆ ವರ್ಷವೇ; ಅಲ್ಲಿ ಅದು ರೇವನ್ಸ್ ಆಯಿತು. ಅಂಥ ಮನೆಗೆ ಬಾಲ್ಟಿಮೋರ್‌ನಿಂದ ಬಂದ ಅವರ ಭಾವ, ಅಂದರೆ ರಾಯರ ಹೆಂಡತಿಯಾದ ನಮ್ಮ ಅತ್ತಿಗೆಯ ಅಣ್ಣ, ನೇರಳೆ ಬಣ್ಣದ ರೇವನ್ಸ್ ಟೋಪಿ ಹಾಕಿಕೊಂಡೇ ತಿಂಡಿಗೆ ಕುಳಿತರು.

"ಭಾವ, ಆ ಟೋಪಿ ತೆಗೆದಿಡಿ. ಕದ್ದ ಮಾಲು ಅದು" ಎಂದರು ರಾಯರು.

"ದುಡ್ಡು ಕೊಟ್ಟು ತಗೊಂಡಿದ್ದೀನಿ."

"ತಗೊಂಡಿದ್ದು ನೀವು. ಟೋಪಿ ಹಾಕಿಸಿಕೊಂಡಿದ್ದು ನಾವು."

ಗೌಡರು ಅಮೆರಿಕಕ್ಕೆ ಹೊಸಬರು. ಚಕ್ಕುಲಿ ಮುರಿಯುತ್ತಾ ಕೇಳಿದರು: "ಏನ್ರೀ ಇದು, ಇಡೀ ತಂಡ ಊರು ಬಿಟ್ಟು ಹೋಗುತ್ತಾ? ತಂಡ ಊರಿನದ್ದಲ್ವಾ?"

ಆ ಪ್ರಶ್ನೆ ಕೇಳಬಾರದಿತ್ತು. ಅತ್ತಿಗೆ ಎದ್ದು ಇನ್ನೊಂದು ಸುತ್ತು ಕಾಫಿಗೆ ನೀರಿಟ್ಟರು. ಬೇಗ ಮುಗಿಯುವ ಕಥೆಯಲ್ಲ ಎಂದು ಅವರಿಗೆ ಗೊತ್ತು.

"ಊರಿನದ್ದು ಅಂತ ನಾವೂ ತಿಳಿದಿದ್ದೆವು" ಎಂದು ರಾಯರು ಶುರು ಮಾಡಿದರು. "ಕಾಗದದ ಮೇಲೆ ಅದು ಆರ್ಟ್ ಮೊಡೆಲ್ ಎಂಬ ಒಬ್ಬನ ಆಸ್ತಿ. 1961ರಲ್ಲಿ ಕೊಂಡುಕೊಂಡ. ಆಡುತ್ತಿದ್ದದ್ದು ಈರಿ ಸರೋವರದ ದಂಡೆಯ ಹಳೇ ಸ್ಟೇಡಿಯಂನಲ್ಲಿ. 1931ರದ್ದು. 78 ಸಾವಿರ ಜನ ಹಿಡಿಯುತ್ತಿತ್ತು. ಡಿಸೆಂಬರ್‌ನಲ್ಲಿ ಸರೋವರದ ಗಾಳಿ ಬೀಸಿದರೆ ಮೂಗು ಇದೆಯೋ ಇಲ್ಲವೋ ಅಂತ ಮುಟ್ಟಿ ನೋಡಿಕೊಳ್ಳಬೇಕು."

"ಅಂಥ ಸ್ಟೇಡಿಯಂ ಬಿಟ್ಟು ಹೋದದ್ದು ತಪ್ಪಾ?" ಎಂದರು ಭಾವ.

"ಸ್ವಲ್ಪ ಕೇಳಿ. ಸ್ಟೇಡಿಯಂ ನಗರದ್ದು. ಮೊಡೆಲ್ ಅದನ್ನು ಗುತ್ತಿಗೆಗೆ ಹಿಡಿದು ತಾನೇ ನಡೆಸುತ್ತಿದ್ದ. ಬೇಸ್‌ಬಾಲ್ ತಂಡ ಇಂಡಿಯನ್ಸ್ ಅವನ ಹತ್ತಿರ ಬಾಡಿಗೆಗೆ ಇತ್ತು. ಬೇಸ್‌ಬಾಲ್‌ನವರಿಗೆ ಊರಿನಲ್ಲೇ ವರ್ಷಕ್ಕೆ 81 ಪಂದ್ಯ, ಫುಟ್‌ಬಾಲ್‌ಗೆ ಆಗ ಬರೀ 8. ಅವರಿಗೆ ನಗರ ಹೊಸ ಮೈದಾನ ಕಟ್ಟುವಾಗ ಮೊಡೆಲ್‌ನನ್ನೂ ಕರೆದರು. ನನಗೆ ಬೇಡ ಅಂದ. 1994ರಲ್ಲಿ ಅವರು ಹೊಸ ಜಾಗಕ್ಕೆ ಹೊರಟರು. ಇವನ ಗಲ್ಲಾಪೆಟ್ಟಿಗೆ ಖಾಲಿ."

ಗೌಡರಿಗೆ ತಟ್ಟನೆ ಅರ್ಥವಾಯಿತು. ಬೆಂಗಳೂರಿನ ಬಾಡಿಗೆ ಮನೆಗಳಲ್ಲಿ ಬೆಳೆದವರು. "ಒಳಬಾಡಿಗೆಯವನು ಸ್ವಂತ ಮನೆ ಕಟ್ಟಿಕೊಂಡು ಹೋದ. ಇವನಿಗೆ ಬಾಡಿಗೆ ಕಟ್ಟೋಕೆ ದುಡ್ಡಿಲ್ಲ. ಅಷ್ಟೇ ತಾನೇ?"

"ಅಷ್ಟೇ. ಆದರೆ ನಮಗೆ ಗೊತ್ತಿರಲಿಲ್ಲವಲ್ಲ! 1994ರ ಸೀಸನ್‌ನಲ್ಲಿ 11 ಗೆಲುವು, 5 ಸೋಲು. ಪ್ಲೇಆಫ್‌ನಲ್ಲಿ ಪೇಟ್ರಿಯಟ್ಸ್‌ನ್ನ ಹೊಡೆದಿದ್ದೆವು. 1995ರಲ್ಲಿ ಮೊದಲ 4ರಲ್ಲಿ 3 ಗೆದ್ದೆವು. ಸ್ಟೇಡಿಯಂ ವಿಚಾರ ಸೀಸನ್ ಮುಗಿದ ಮೇಲೆ ಮಾತಾಡೋಣ ಅಂತ ಮೊಡೆಲ್ಲೇ ಹೇಳಿದ್ದ. ಅಕ್ಟೋಬರ್‌ನಲ್ಲಿ ಇಂಡಿಯನ್ಸ್ ವರ್ಲ್ಡ್ ಸೀರೀಸ್, ಅಂದರೆ ಬೇಸ್‌ಬಾಲ್‌ನ ಫೈನಲ್, ಆಡುತ್ತಿತ್ತು. ಇಡೀ ಊರಿನ ಕಣ್ಣು ಆ ಕಡೆ. ಈ ಮಹರಾಯ ಆಗಲೇ ಬಾಲ್ಟಿಮೋರ್ ವಿಮಾನ ನಿಲ್ದಾಣದಲ್ಲಿ, ಗೆಳೆಯ ಆಲ್ ಲರ್ನರ್‌ನ ಸ್ವಂತ ವಿಮಾನದೊಳಗೆ ಕೂತು, ತಂಡ ಸಾಗಿಸುವ ಕರಾರಿಗೆ ಗುಟ್ಟಾಗಿ ಸಹಿ ಹಾಕಿದ!"

ನವೆಂಬರ್ 6, ಸೋಮವಾರ. ಬಾಲ್ಟಿಮೋರ್‌ನ ಬೇಸ್‌ಬಾಲ್ ಮೈದಾನದ ಪಾರ್ಕಿಂಗ್ ಜಾಗದಲ್ಲಿ ವೇದಿಕೆ ಹಾಕಿ, ಬ್ರೌನ್ಸ್ ನಮ್ಮೂರಿಗೆ ಬರುತ್ತದೆ ಎಂದು ಸಾರಿದರು. ಮಾರನೇ ದಿನ, ಮಂಗಳವಾರ, ಕ್ಲೀವ್‌ಲೆಂಡ್‌ನಲ್ಲಿ ಮತದಾನ ಮೊದಲೇ ಗೊತ್ತಾಗಿತ್ತು. ಮದ್ಯ, ಸಿಗರೇಟಿನ ತೆರಿಗೆ ಮುಂದುವರಿಸಿ, ಅದರ ಹಣದಲ್ಲಿ ಮೊಡೆಲ್ ಕೇಳಿದಂತೆಯೇ ಸ್ಟೇಡಿಯಂ ರಿಪೇರಿ ಮಾಡಿಸಬೇಕೇ ಎಂದು ಜನರನ್ನು ಕೇಳಿದ್ದರು. ನೂರಕ್ಕೆ ಎಪ್ಪತ್ತಕ್ಕಿಂತ ಜಾಸ್ತಿ ಜನ ಹೂಂ ಅಂದರು! ಕುಡಿಯುವವರು, ಸೇದುವವರು ತಂಡಕ್ಕಾಗಿ ತಮ್ಮ ಮೇಲೆ ತಾವೇ ತೆರಿಗೆ ಹಾಕಿಕೊಂಡರು. ತಂಡ ಹಿಂದಿನ ದಿನವೇ ಕೈತಪ್ಪಿ ಹೋಗಿತ್ತು. ಇಡೀ ಕಥೆಯಲ್ಲಿ ನನಗೆ ತಡೆಯಲಾರದಷ್ಟು ನಗು ಬರುವುದೂ ಇಲ್ಲೇ, ಹೊಟ್ಟೆ ಉರಿಯುವುದೂ ಇಲ್ಲೇ.

"ಒಂದು ದಿನ ಕಾಯಬಾರದಿತ್ತಾ?" ಎಂದರು ಗೌಡರು.

"ನಮ್ಮ ಕಡೆ ಬಾಡಿಗೆ ಇಲ್ಲದ ಹೊಸ ಸ್ಟೇಡಿಯಂ ಕೊಟ್ಟರು. ಯಾರು ಕಾಯುತ್ತಾರೆ?" ಎಂದು ಭಾವ ಕಾಫಿ ಹೀರಿದರು.

ಅಲ್ಲಿಂದ ಮುಂದೆ ಆ ಸೀಸನ್ ಆಟವಲ್ಲ, ಸೂತಕ. ಘೋಷಣೆಯ ನಂತರ ಏಳು ಪಂದ್ಯ. ಗೆದ್ದದ್ದು ಒಂದು. ಕೊನೆಗೆ 5 ಗೆಲುವು, 11 ಸೋಲು. ಜಾಹೀರಾತು ಕೊಟ್ಟವರು ತಮ್ಮ ಬೋರ್ಡು ಬಿಚ್ಚಿಕೊಂಡು ಹೋದರು. ಮೊಡೆಲ್ ಕ್ಲೀವ್‌ಲೆಂಡ್‌ನ ಪಂದ್ಯಗಳಿಗೆ ಬರುವುದನ್ನೇ ಬಿಟ್ಟ. ಬಂದಿದ್ದರೆ ಏನಾಗುತ್ತಿತ್ತೋ! ಪ್ರೇಕ್ಷಕರು ಕೋಚ್ ವಿರುದ್ಧವೂ ಕೂಗುತ್ತಿದ್ದರು. ಸೀಸನ್ ಮುಗಿದ ಮೇಲೆ ಮೊಡೆಲ್ ಅವನನ್ನು ಕೆಲಸದಿಂದ ತೆಗೆದ.

"ಯಾರು ಆ ಪಾಪದ ಕೋಚ್?" ಎಂದರು ಗೌಡರು.

"ಬಿಲ್ ಬೆಲಿಚಿಕ್."

ಗೌಡರಿಗೆ ಫುಟ್‌ಬಾಲ್ ಗೊತ್ತಿಲ್ಲದಿದ್ದರೂ ಈ ಹೆಸರು ಗೊತ್ತು. "ಪೇಟ್ರಿಯಟ್ಸ್‌ಗೆ ಆರು ಸೂಪರ್ ಬೌಲ್, ಅಂದರೆ ಆರು ಫೈನಲ್, ಗೆದ್ದುಕೊಟ್ಟವನಾ? ಅವನನ್ನ ನೀವು ಓಡಿಸಿದಿರಾ?"

"ನಾನಲ್ಲ, ಮೊಡೆಲ್" ಎಂದರು ರಾಯರು. ಕೂಗಿದವರಲ್ಲಿ ಅವರೂ ಇದ್ದರು ಎಂದು ಅತ್ತಿಗೆ ಅಡುಗೆಮನೆಯಿಂದಲೇ ಸಾಕ್ಷಿ ಹೇಳಿದರು.

ಡಿಸೆಂಬರ್ 17, ಭಾನುವಾರ. ಸಿನ್ಸಿನಾಟಿ ಬೆಂಗಾಲ್ಸ್ ಎದುರು ಊರಿನ ಕೊನೇ ಪಂದ್ಯ. ಸ್ಟೇಡಿಯಂನ ಒಂದು ತುದಿಗೆ ಡಾಗ್ ಪೌಂಡ್ ಎಂದು ಹೆಸರು. ನಾಯಿ ಮುಖವಾಡ ಹಾಕಿಕೊಂಡು, ಬೊಗಳಿ, ಎದುರಾಳಿಗಳ ಮೇಲೆ ನಾಯಿ ಬಿಸ್ಕತ್ತು ಎಸೆಯುವವರ ಜಾಗ ಅದು. ಅವತ್ತು ಬಿಸ್ಕತ್ತು ಸಾಕಾಗಲಿಲ್ಲ. ಕೆಲವರು ಗರಗಸ, ಸುತ್ತಿಗೆ ಒಳಗೆ ತಂದಿದ್ದರು. ಆಟ ನಡೆಯುತ್ತಿದ್ದಂತೆಯೇ ಕೂತ ಬೆಂಚು ಕಿತ್ತು ಮೈದಾನಕ್ಕೆ ಎಸೆದರು. ಕೊನೆಯ ಕ್ವಾರ್ಟರ್‌ನಲ್ಲಿ ಅಂಪೈರುಗಳು ಆಟವನ್ನೇ ಇನ್ನೊಂದು ತುದಿಗೆ ಸಾಗಿಸಬೇಕಾಯಿತು. ಇಷ್ಟರ ನಡುವೆ ಬ್ರೌನ್ಸ್ 26-10ರಲ್ಲಿ ಗೆದ್ದಿತು!

ಮುಗಿದ ಮೇಲೆ ಆಟಗಾರರು ಒಳಗೆ ಹೋಗಲಿಲ್ಲ. ನೇರವಾಗಿ ಡಾಗ್ ಪೌಂಡ್ ಹತ್ತಿರ ಹೋಗಿ ಜನರನ್ನು ತಬ್ಬಿಕೊಂಡರು. ಅದರಲ್ಲಿ ಅರ್ನೆಸ್ಟ್ ಬೈನರ್ ಒಬ್ಬ. 1988ರ ಜನವರಿಯಲ್ಲಿ ಡೆನ್ವರ್ ಎದುರು, ಗೆರೆ ದಾಟಲು ಎರಡು ಹೆಜ್ಜೆ ಇರುವಾಗ ಚೆಂಡು ಕೈಬಿಟ್ಟು ಸೂಪರ್ ಬೌಲ್ ತಪ್ಪಿಸಿದ್ದವನು. ಅವನನ್ನು ಕ್ಷಮಿಸುವುದಿಲ್ಲ ಎಂದು ಶಪಥ ಮಾಡಿದ್ದ ಊರೇ ಅವತ್ತು ಅವನ ಕೊರಳಿಗೆ ಜೋತುಬಿದ್ದಿತ್ತು.

"ನಾನಿದ್ದೆ" ಎಂದರು ರಾಯರು. "ಒಂದು ಹಲಗೆ ಬಂದು ನನ್ನ ಕಾಲ ಹತ್ತಿರ ಬಿತ್ತು."

"ಬಿತ್ತಾ, ಕಿತ್ತಿದ್ದಾ?" ಎಂದರು ಭಾವ.

ಆ ಹಲಗೆ ನೆಲಮಾಳಿಗೆಯಲ್ಲಿದೆ. ಬಣ್ಣ ಎದ್ದುಹೋಗಿದೆ, ಒಂದು ತುದಿಯಲ್ಲಿ ತುಕ್ಕು ಹಿಡಿದ ಬೋಲ್ಟು ಹಾಗೇ ಇದೆ. ಅತ್ತಿಗೆ ಅದರ ಮೇಲೆ ಉಪ್ಪಿನಕಾಯಿ ಜಾಡಿಗಳನ್ನು ಸಾಲಾಗಿ ಇಟ್ಟಿದ್ದಾರೆ. ರಾಯರು ಯಾರಾದರೂ ಬಂದಾಗ ಜಾಡಿ ಇಳಿಸಿ ತೋರಿಸುತ್ತಾರೆ.

"ಸರ್ಕಾರಿ ಆಸ್ತಿ ಮನೆಗೆ ತಂದು, ನನ್ನ ಟೋಪಿಗೆ ಕದ್ದ ಮಾಲು ಅಂತೀರಿ!" ಎಂದು ಭಾವ ಎದ್ದು ನಿಂತರು. ಅವರ ಹೊಟ್ಟೆಯಲ್ಲೂ ಒಂದು ಕಿಚ್ಚಿತ್ತು. "1984ರ ಮಾರ್ಚ್‌ನಲ್ಲಿ ಏನಾಯಿತು ಹೇಳಲಾ? ನಮ್ಮ ಬಾಲ್ಟಿಮೋರ್ ಕೋಲ್ಟ್ಸ್ ತಂಡವನ್ನ ಅದರ ಮಾಲೀಕ ರಾತ್ರೋರಾತ್ರಿ ಲಾರಿಗೆ ತುಂಬಿ ಇಂಡಿಯಾನಾಪೊಲಿಸ್‌ಗೆ ಸಾಗಿಸಿದ. ಬೆಳಗಾಗೆದ್ದು ನೋಡಿದರೆ ಏನೂ ಇಲ್ಲ! ಹೆಸರು, ಕುದುರೆ ಲಾಳದ ಗುರುತು ಎಲ್ಲ ಹೋಯಿತು. ಉಳಿದದ್ದು ಬ್ಯಾಂಡ್ ಸೆಟ್ ಮಾತ್ರ. ಅದೂ ಯಾಕೆ? ಅವರ ಯೂನಿಫಾರ್ಮ್ ಡ್ರೈಕ್ಲೀನಿಂಗ್‌ಗೆ ಹೋಗಿತ್ತು. ತಂಡವೇ ಇಲ್ಲದೆ ಆ ಬ್ಯಾಂಡಿನವರು ಹತ್ತು ವರ್ಷದ ಮೇಲೆ ಬಾರಿಸಿದರು!"

ಇದು ಮಾತ್ರ ರಾಯರಿಗೂ ತಟ್ಟಿತು. ಆದರೆ ಸೋಲೊಪ್ಪುವವರಲ್ಲ. "ಅನುಭವಿಸಿದವರೇ ನಮಗೆ ಹಾಗೆ ಮಾಡಬಹುದಾ?"

"ನಿಮಗೆ ಹೆಸರು ಉಳಿಯಿತಲ್ಲ" ಎಂದರು ಭಾವ. ಅದು ನಿಜ. ನಗರ ಕೋರ್ಟಿಗೆ ಹೋಯಿತು, ಜನ ಗಲಾಟೆ ಎಬ್ಬಿಸಿದರು. 1996ರ ಫೆಬ್ರವರಿಯಲ್ಲಿ ರಾಜಿಯಾಯಿತು. ಬ್ರೌನ್ಸ್ ಎಂಬ ಹೆಸರು, ಬಣ್ಣ, ಹಳೇ ದಾಖಲೆಗಳು ಕ್ಲೀವ್‌ಲೆಂಡ್‌ಗೆ. 1999ಕ್ಕೆ ಹೊಸ ತಂಡ. ಆಟಗಾರರು ಬಾಲ್ಟಿಮೋರ್‌ಗೆ. ಅಲ್ಲಿ ತಂಡಕ್ಕೆ ರೇವನ್ಸ್ ಎಂದು ಹೆಸರಾಯಿತು. ಸ್ಟೀವ್ ಎವರಿಟ್ ಎಂಬ ಆಟಗಾರ ರೇವನ್ಸ್ ಪಂದ್ಯದಲ್ಲಿ ಬ್ರೌನ್ಸ್ ಕರವಸ್ತ್ರ ತಲೆಗೆ ಕಟ್ಟಿಕೊಂಡು ಬಂದು ದಂಡ ಕಟ್ಟಿದ. ರಾಯರ ಪ್ರಕಾರ ಅವನೊಬ್ಬನೇ ಗಂಡಸು.

"ಆಮೇಲೆ ಹೊಸ ತಂಡ ಹೇಗೆ ಆಡಿತು?" ಗೌಡರದು ಮತ್ತೆ ಕೇಳಬಾರದ ಪ್ರಶ್ನೆ.

ಭಾವ ಉತ್ಸಾಹದಿಂದ ಉತ್ತರ ಕೊಟ್ಟರು. 1999ರ ಮೊದಲ ಪಂದ್ಯವನ್ನೇ ಪಿಟ್ಸ್‌ಬರ್ಗ್ ಎದುರು 43-0ರಲ್ಲಿ ಸೋತರು. 2001ರ ಜನವರಿಯಲ್ಲಿ ರೇವನ್ಸ್ ಸೂಪರ್ ಬೌಲ್ ಗೆದ್ದಿತು. 2017ರಲ್ಲಿ ಬ್ರೌನ್ಸ್ ಹದಿನಾರಕ್ಕೆ ಹದಿನಾರೂ ಸೋತಿತು. ಅಭಿಮಾನಿಗಳು ಕೊರೆಯುವ ಚಳಿಯಲ್ಲಿ ಸ್ಟೇಡಿಯಂ ಸುತ್ತ ಸೊನ್ನೆ ಹಾಕಿದ ಹಾಗೆ ಮೆರವಣಿಗೆ ಮಾಡಿದರು.

"ಆ ಹೊಸ ತಂಡದ ಮಾಲೀಕ ಯಾರು ಗೊತ್ತಾ?" ಎಂದು ರಾಯರು ತಾವೇ ಗಾಯ ಕೆದಕಿಕೊಂಡರು. "ಆಲ್ ಲರ್ನರ್. 530 ಮಿಲಿಯನ್ ಡಾಲರ್ ಕೊಟ್ಟ."

"ಆ ವಿಮಾನದವನಾ?" ಗೌಡರ ಚಕ್ಕುಲಿ ಕೈಯಲ್ಲೇ ಉಳಿಯಿತು.

"ಅವನೇ. ಕಳಿಸಿಕೊಟ್ಟವನೂ ಅವನೇ, ಕರೆತಂದವನೂ ಅವನೇ. ಈಗ ಬೇರೆ ಮಾಲೀಕರು. ಹಳೇ ಸ್ಟೇಡಿಯಂ ಕೆಡವಿದ ಜಾಗದಲ್ಲೇ ಕಟ್ಟಿದ ಈ ಸ್ಟೇಡಿಯಂ ಇವರಿಗೂ ಸಾಲದಂತೆ. ಬ್ರೂಕ್ ಪಾರ್ಕ್‌ನಲ್ಲಿ ಹೊಸದು ಕಟ್ಟುತ್ತಾರಂತೆ. ತಂಡ ಓಡಿಹೋಗದ ಹಾಗೆ ಒಹಾಯೊದಲ್ಲಿ ಮೊಡೆಲ್ ಹೆಸರಿನಲ್ಲೇ ಒಂದು ಕಾನೂನಿದೆ. ನಗರ ಅದನ್ನ ಹಿಡಿದು ಕೋರ್ಟಿಗೆ ಹೋಗಿ, ಕಡೆಗೆ ರಾಜಿ ಮಾಡಿಕೊಂಡಿತು."

"ಎಲ್ಲಿದೆ ಈ ಬ್ರೂಕ್ ಪಾರ್ಕ್?"

"ಇಲ್ಲೇ, ಊರಾಚೆ. ವಿಮಾನ ನಿಲ್ದಾಣದ ಪಕ್ಕ."

ಭಾವ ಟೋಪಿ ಸರಿಮಾಡಿಕೊಂಡರು. "ಒಳ್ಳೇದಾಯ್ತು ಬಿಡಿ. ಮುಂದಿನ ಸಲ ಸಹಿ ಹಾಕೋಕೆ ದೂರ ಹೋಗೋದು ಬೇಡ."