ಕ್ಯಾರೆಟ್ ಜ್ಯೂಸ್ ಕುಡಿದರೆ ಕನ್ನಡಕ ಹೋಗುತ್ತಾ? ದಾವಣಗೆರೆ, ದುರ್ಗದವರ ಅನುಭವ

ಕೇಳಿದವರು: ದಾವಣಗೆರೆ, ವಿದ್ಯಾನಗರ

ಮಗನಿಗೆ 9 ವರ್ಷ. ಸ್ಕೂಲಲ್ಲಿ ಬೋರ್ಡ್ ಮಸುಕು ಅಂದ. ತೋರಿಸಿದರೆ ಮೈನಸ್ 1.5 ಬಂತು. ಅವತ್ತಿನಿಂದ ನಮ್ಮತ್ತೆ ದಿನಾ ಬೆಳಿಗ್ಗೆ ಒಂದು ಲೋಟ ಕ್ಯಾರೆಟ್ ಜ್ಯೂಸ್ ಹಿಡಿದು ನಿಲ್ಲುತ್ತಾರೆ. ಆರು ತಿಂಗಳು ಕುಡಿದರೆ ಕನ್ನಡಕ ತೆಗೆದಿಡಬಹುದು ಅಂತ ಅವರ ನಂಬಿಕೆ. ಮಗ ಲೋಟ ನೋಡಿದರೇ ಓಡುತ್ತಾನೆ. ನಮ್ಮನೆಯವರಿಗೆ 44, ಶುಗರ್ ಬಂದು 5 ವರ್ಷ ಆಯ್ತು. ಕಣ್ಣು ಚೆನ್ನಾಗೇ ಇದೆ ಅನ್ನುತ್ತಾರೆ. ನನಗೆ ಮನೆಯಿಂದಲೇ ಕಂಪ್ಯೂಟರ್ ಕೆಲಸ, ಸಂಜೆ ಹೊತ್ತಿಗೆ ಕಣ್ಣು ಉರಿ. ಊಟದಲ್ಲಿ, ದಿನಚರಿಯಲ್ಲಿ ನೀವು ಏನು ಬದಲಾಯಿಸಿದಿರಿ? ಎಲ್ಲೋ ಓದಿದ್ದು ಬೇಡ, ಮಾಡಿ ನೋಡಿದ್ದು ಹೇಳಿ.

ದಾವಣಗೆರೆ, ಕುಂದುವಾಡ ಕೆರೆ ಹತ್ತಿರದಿಂದ

ಅಕ್ಕ, ನಾವೂ ಇದೇ ದಾರಿಯಲ್ಲಿ ಹೋಗಿ ಬಂದವರು. ಮಗಳಿಗೆ ಕನ್ನಡಕ ಬಂದಾಗ ಒಂದು ವರ್ಷ ಕ್ಯಾರೆಟ್ ಮೇಲೆ ಕ್ಯಾರೆಟ್. ಪಲ್ಯ, ಕೋಸಂಬರಿ, ಹಲ್ವ, ಜ್ಯೂಸ್. ಒಂದಿನ ನೋಡ್ತೀನಿ, ಅವಳ ಅಂಗೈ ಹಳದಿ! ಕಾಮಾಲೆ ಅಂತ ಎದೆ ಒಡೆದುಕೊಂಡು ಓಡಿದೆವು. ಡಾಕ್ಟರು ರೆಪ್ಪೆ ಎಳೆದು ನೋಡಿ ನಕ್ಕರು. ಕಾಮಾಲೆಯಾದರೆ ಕಣ್ಣಿನ ಬಿಳಿ ಭಾಗವೂ ಹಳದಿ ಆಗುತ್ತಂತೆ, ಇವಳದ್ದು ಬೆಳ್ಳಗೇ ಇತ್ತು. ಕ್ಯಾರೆಟ್‌ನ ಬಣ್ಣವೇ ಚರ್ಮಕ್ಕೆ ಇಳಿದಿತ್ತು, ಅಷ್ಟೇ. ಕ್ಯಾರೆಟ್ ಕಡಿಮೆ ಮಾಡಿದ ಮೇಲೆ ತಾನಾಗಿಯೇ ಹೋಯ್ತು. ಕನ್ನಡಕದ ನಂಬರ್ ಮಾತ್ರ ಆ ವರ್ಷ ಅರ್ಧ ಏರಿತ್ತು.

ಯಾಕೆ ಅಂತ ಕಣ್ಣಿನ ಡಾಕ್ಟರು ಬಿಡಿಸಿ ಹೇಳಿದರು. ಮಕ್ಕಳ ಕಣ್ಣುಗುಡ್ಡೆ ಬೇಕಾದ್ದಕ್ಕಿಂತ ಉದ್ದ ಬೆಳೆದರೆ ದೂರದ್ದು ಮಸುಕಾಗುತ್ತದೆ. ಉದ್ದ ಆದದ್ದನ್ನು ಯಾವ ತರಕಾರಿಯೂ ಗಿಡ್ಡ ಮಾಡಲ್ಲ. ಕ್ಯಾರೆಟ್‌ನಿಂದ ಸಿಗುವ ವಿಟಮಿನ್ ಎ ಕೆಲಸ ಬೇರೆ, ಮಬ್ಬು ಬೆಳಕಲ್ಲಿ ಕಣ್ಣು ಕಾಣಬೇಕಾದರೆ ಅದು ಬೇಕು. ಕಡಿಮೆ ಆದರೆ ಇರುಳುಗಣ್ಣು. ಅಂಗನವಾಡಿಯಲ್ಲಿ 9 ತಿಂಗಳಿಂದ 5 ವರ್ಷದ ತನಕ ಆರಾರು ತಿಂಗಳಿಗೆ ಕುಡಿಸುವ ವಿಟಮಿನ್ ಎ ಸಿರಪ್ ಅದಕ್ಕೇ. ಆದರೆ ಇರುವವರಿಗೆ ಇನ್ನೂ ಸುರಿದು ಏನು ಲಾಭ?

ಅವರು ಕೊಟ್ಟ ಸಲಹೆ ಊಟದ್ದೇ ಅಲ್ಲ. ದಿನಕ್ಕೆ 2 ಗಂಟೆ ಹಗಲಲ್ಲಿ ಹೊರಗೆ ಬಿಡಿ ಅಂದರು. ಹೊರಗಿನ ಬೆಳಕಲ್ಲಿ ಆಡುವ ಮಕ್ಕಳಿಗೆ ದೂರದೃಷ್ಟಿ ಕೆಡುವುದು ಕಡಿಮೆ. ಕೆಟ್ಟ ಮೇಲೆ ಅಷ್ಟು ಗ್ಯಾರಂಟಿ ಇಲ್ಲ ಅಂತಲೂ ಹೇಳಿದರು. ಆದರೂ ಮಗಳ ಜೊತೆ ಚಿಕ್ಕವನನ್ನೂ ಸಂಜೆ ಕೆರೆ ಹತ್ತಿರ ಅಟ್ಟುತ್ತೇನೆ. ಅವನಿಗೆ ಇನ್ನೂ ಕನ್ನಡಕ ಬಂದಿಲ್ಲ. ಇನ್ನೊಂದು, ಕನ್ನಡಕ ಹಾಕಿದರೆ ನಂಬರ್ ಏರುತ್ತೆ ಅಂತ ಯಾರಾದರೂ ಹೇಳಿದರೆ ಕೇಳಬೇಡಿ. ಆ ಮಾತು ಕೇಳಿ ನಾವು ಮೂರು ತಿಂಗಳು ಕಪಾಟಲ್ಲಿ ಇಟ್ಟಿದ್ದೆವು. ಪಾಪ, ಮಗು ಬೋರ್ಡ್ ಕಾಣದೆ ಪಕ್ಕದವರ ನೋಟ್ಸ್ ನೋಡಿ ಬರೆಯುತ್ತಿತ್ತು.

ಜಗಳೂರು ಕಡೆಯ ರೈತ

ತಿನ್ನೋದಕ್ಕೆ ನಮ್ಮಲ್ಲೇನು ಬರ ರೀ. ನುಗ್ಗೆಸೊಪ್ಪು, ಹೊನಗೊನ್ನೆ, ದಂಟು, ಪರಂಗಿ ಹಣ್ಣು. ಸೊಪ್ಪಿಗೆ ಶೇಂಗಾ ಎಣ್ಣೆ ಒಗ್ಗರಣೆ ಮಾತ್ರ ಬಿಡಬೇಡಿ. ಕೊಬ್ಬಿನಂಶ ಇಲ್ಲದೆ ಅದರಲ್ಲಿರೋ ಕಣ್ಣಿನ ಸತ್ವ ಮೈಗೆ ಹತ್ತಲ್ಲ. ಹಳದಿ ಮೆಕ್ಕೆಜೋಳದಲ್ಲೂ, ಮೊಟ್ಟೆಯ ಹಳದಿಯಲ್ಲೂ ಲ್ಯೂಟಿನ್ ಅಂತ ಇರುತ್ತೆ. ಕಣ್ಣಿನ ಹಿಂದಿನ ಪರದೆಯ ನಡುಭಾಗದಲ್ಲಿ ಇರೋದೂ ಅದೇ. ನಮ್ಮ ಜಿಲ್ಲೆಯ ಮೆಕ್ಕೆಜೋಳ ಕೋಳಿ ಫಾರಂಗೆ ಹೋಗಿ, ಅದರ ಬಣ್ಣ ಮೊಟ್ಟೆಗೆ ಇಳಿದು, ತಿರುಗಿ ನಮ್ಮ ತಟ್ಟೆಗೇ ಬರುತ್ತೆ ನೋಡಿ.

ಆದರೆ ಇಷ್ಟೆಲ್ಲ ತಿಂದ ನನ್ನದೇ ಎಡಗಣ್ಣು ಹೋಗ್ತಿತ್ತು. ಎರಡು ವರ್ಷದ ಹಿಂದೆ ಮೆಕ್ಕೆಜೋಳ ಒಕ್ಕುವಾಗ ಮಿಷನ್ನಿಂದ ಹೊಟ್ಟಿನ ಚೂರು ಹಾರಿ ಕಣ್ಣಿಗೆ ಬಿತ್ತು. ತೊಳೆದೆ, ಹೋಯ್ತು ಅಂದುಕೊಂಡೆ. ಸಂಜೆ ಕಣ್ಣು ಕೆಂಡ. ಮನೇಲಿ ಹರಳೆಣ್ಣೆ ಬಿಟ್ಟರು. ಮಾರನೇ ದಿನ ಅಂಗಡಿಯಲ್ಲಿ ಕೇಳಿ ಒಂದು ಡ್ರಾಪ್ಸ್ ತಂದೆ. ಒಂದು ದಿನ ಕೆಂಪು ಇಳಿಯಿತು, ವಾಸಿ ಆಯ್ತು ಅಂತ ಹೊಲಕ್ಕೂ ಹೋದೆ. ಐದನೇ ದಿನಕ್ಕೆ ಕರಿಗುಡ್ಡೆ ಮೇಲೆ ಬಿಳಿ ಚುಕ್ಕೆ. ಬೆಳಕು ಕಂಡರೆ ಸೂಜಿ ಚುಚ್ಚಿದ ಹಾಗೆ.

ಡಾಕ್ಟರು ಡ್ರಾಪ್ಸ್ ಬಾಟ್ಲಿ ನೋಡಿ ತಲೆ ಚಚ್ಚಿಕೊಂಡರು. ಬೆಳೆಯ ಕಸ ಗೀರಿದ ಕಣ್ಣಿಗೆ ಬೂಷ್ಟು ಹಿಡಿಯುತ್ತಂತೆ, ಹೊಲದವರಲ್ಲಿ ಇದು ಜಾಸ್ತಿ. ನಾನು ಹಾಕಿದ್ದು ಸ್ಟೀರಾಯ್ಡ್. ಅದು ಕೆಂಪನ್ನು ಮುಚ್ಚಿಹಾಕಿ ಒಳಗೆ ಬೂಷ್ಟನ್ನೇ ಬೆಳೆಸಿತ್ತು. ಆಮೇಲೆ ಗಂಟೆಗೊಂದು ಸಲ ಔಷಧಿ, ರಾತ್ರಿಯೂ ಹೆಂಡತಿ ಎದ್ದು ಹಾಕಿದಳು. ಒಂದೂವರೆ ತಿಂಗಳು ಹಿಡಿಯಿತು. ಕಣ್ಣು ಉಳಿಯಿತು, ಕಲೆಯೂ ಉಳಿಯಿತು. ಈಗಲೂ ಆ ಕಣ್ಣಲ್ಲಿ ನೋಡಿದರೆ ಮಂಜು ಕವಿದ ಹಾಗೆ. ಒಕ್ಕಣೆಗೆ ನಿಲ್ಲುವ ಮುಂಚೆ ಈಗ ಎಲ್ಲ ಆಳುಗಳಿಗೂ ಪ್ಲಾಸ್ಟಿಕ್ ಕನ್ನಡಕ ಕೊಡ್ತೀನಿ. ನಗ್ತಾರೆ, ನಗಲಿ.

ಮೊಳಕಾಲ್ಮೂರಿನಿಂದ, ರೇಷ್ಮೆ ಸೀರೆ ನೇಯುವ ಮನೆ

ಎಳೆ ಕಡಿದರೆ ಗಂಟು ಹಾಕುವ ಕೆಲಸ ನಮ್ಮದು. 41ಕ್ಕೆ ಎಳೆ ಎರಡೆರಡು ಕಾಣತೊಡಗಿತು. ನಂದಿಬಟ್ಟಲು ಹೂವು ನೆನೆಸಿ ರೆಪ್ಪೆ ಮೇಲೆ ಇಟ್ಟುಕೊಂಡು ಮಲಗಿದೆ, ತಂಪಾಯ್ತು, ನಿದ್ದೆ ಬಂತು. ಗಂಟು ಮಾತ್ರ ಕಾಣಲಿಲ್ಲ. ಕೊನೆಗೆ ಚಾಳೀಸು ಹಾಕಿದೆ. ನಲವತ್ತಾದ ಮೇಲೆ ಎಲ್ಲರಿಗೂ ಬರುವಂಥದ್ದೇ, ಒಳಗಿನ ಲೆನ್ಸ್ ಬಾಗುವ ಗುಣ ಕಳೆದುಕೊಳ್ಳುತ್ತೆ. ಎರಡು ವರ್ಷ ಸುಮ್ನೆ ಹಟ ಮಾಡಿ ತಲೆನೋವು ತಿಂದೆ.

ಹೂವು ರೆಪ್ಪೆ ಮೇಲಿದ್ದರೆ ಸರಿ, ಕಣ್ಣೊಳಗೆ ಏನನ್ನೂ ಹಿಂಡಬೇಡಿ. ನಮ್ಮಜ್ಜಿ ಪೊರೆ ಕರಗಲಿ ಅಂತ ವರ್ಷಗಟ್ಟಲೆ ಜೇನುತುಪ್ಪ ಬಿಟ್ಟುಕೊಂಡಳು. ಪೊರೆ ಕರಗಿಸುವ ಡ್ರಾಪ್ಸ್ ಇವತ್ತಿಗೂ ಇಲ್ಲ, ಆಗ ಎಲ್ಲಿಂದ ಬರಬೇಕು? ಆಮೇಲೆ ಎಂ.ಸಿ. ಮೋದಿ ಡಾಕ್ಟರ ಶಿಬಿರದಲ್ಲಿ ಆಪರೇಷನ್ ಆಯ್ತು. ಆ ಕಾಲದಲ್ಲಿ ಕಣ್ಣೊಳಗೆ ಲೆನ್ಸ್ ಕೂರಿಸುತ್ತಿರಲಿಲ್ಲ, ಸೋಡಾ ಬಾಟ್ಲಿ ತಳದಂಥ ದಪ್ಪ ಕನ್ನಡಕ. ಅದರಲ್ಲೇ ಅಜ್ಜಿ ಮೊದಲ ದಿನ ನನ್ನ ಮುಖ ನೋಡಿ, 'ಇಷ್ಟು ಕಪ್ಪಗಿದ್ದೀಯೇನೋ' ಅಂದಳು.

ದಾವಣಗೆರೆ, ಕಂಪ್ಯೂಟರ್ ಕೆಲಸದವನು

ನಿಮ್ಮ ಉರಿಗೆ: ಸ್ಕ್ರೀನ್ ನೋಡುವಾಗ ನಾವು ರೆಪ್ಪೆ ಬಡಿಯೋದೇ ಮರೀತೀವಿ, ಕಣ್ಣು ಒಣಗುತ್ತೆ. 20 ನಿಮಿಷಕ್ಕೊಮ್ಮೆ 20 ಅಡಿ ದೂರ 20 ಸೆಕೆಂಡ್ ನೋಡಿ. ನಾನು ಕಿಟಕಿಯಾಚೆ ತೆಂಗಿನ ಮರ ನೋಡ್ತೀನಿ. ಸ್ಕ್ರೀನ್ ಕಣ್ಣಿಗಿಂತ ಸ್ವಲ್ಪ ಕೆಳಗೆ ಇರಲಿ. ಮತ್ತೆ ಫ್ಯಾನ್ ಮುಖಕ್ಕೇ ಬೀಸ್ತಾ ಇದ್ಯಾ ನೋಡಿ. ನನ್ನ ಅರ್ಧ ಉರಿ ಟೇಬಲ್ ಫ್ಯಾನ್ ತಿರುಗಿಸಿದ್ದಕ್ಕೇ ಹೋಯ್ತು.

ಚಿತ್ರದುರ್ಗ, ನಿವೃತ್ತ ಮೇಷ್ಟ್ರು

ಅಮ್ಮಾ, ಮಗನ ಕನ್ನಡಕ ಹಾಗಿರಲಿ. 'ಚೆನ್ನಾಗೇ ಇದೆ' ಅಂದರಲ್ಲ ನಿಮ್ಮ ಯಜಮಾನರು, ಅದನ್ನು ಓದಿ ನನಗೆ ದಿಗಿಲಾಯ್ತು. ಶುಗರ್ ಬಂದು ಎಂಟು ವರ್ಷ ನಾನೂ ಹಾಗೇ ಅಂದೆ. ಪೇಪರ್ ಓದುತ್ತಿದ್ದೆ, ಬಸ್ಸಿನ ಬೋರ್ಡ್ ಕಾಣುತ್ತಿತ್ತು. ಒಂದು ಬೆಳಿಗ್ಗೆ ಬಲಗಣ್ಣಲ್ಲಿ ಜೇಡರ ಬಲೆ ತೇಲಿದ ಹಾಗಾಯ್ತು. ಒಳಗೆ ರಕ್ತ ಸೋರಿತ್ತು. ಕಣ್ಣಿನ ಹಿಂದಿನ ಪರದೆಯ, ಅಂದರೆ ರೆಟಿನಾದ, ರಕ್ತನಾಳಗಳು ಕೆಡುವಾಗ ನೋವಿಲ್ಲ, ಮಸುಕಿಲ್ಲ, ಗೊತ್ತೇ ಆಗುವುದಿಲ್ಲ. ಲೇಸರ್ ಮಾಡಿಸಿ ಉಳಿದದ್ದನ್ನು ಉಳಿಸಿಕೊಂಡೆ. ನಿಮ್ಮವರಿಗಿರುವಂಥ ಶುಗರ್‌ಗೆ ಕಾಯಿಲೆ ಗೊತ್ತಾದ ವರ್ಷವೇ ರೆಟಿನಾ ತೋರಿಸಬೇಕು, ಆಮೇಲೆ ವರ್ಷಕ್ಕೊಮ್ಮೆ. ನಿಮ್ಮವರು ಈಗಲೇ 5 ವರ್ಷ ತಡ ಮಾಡಿದ್ದಾರೆ.

ಊಟದಲ್ಲಿ ನಾನು ಬಿಟ್ಟಿದ್ದು ಸಿಹಿ ಮತ್ತು ಎರಡನೇ ಮುದ್ದೆ. ರಾಗಿ ಶುಗರ್‌ಗೆ ಒಳ್ಳೇದು ಅಂತ ಎರಡೆರಡು ನುಂಗುತ್ತಿದ್ದೆ. ಬೀಡಿಯನ್ನೂ ಬಿಟ್ಟೆ. ಅದು ಎದೆಗೆ ಮಾತ್ರ ಅಂದುಕೊಂಡಿದ್ದೆ, ಪೊರೆಯನ್ನೂ ಬೇಗ ಕರೆಯುತ್ತದಂತೆ.

ಕೇಳಿದವರು

ಎಲ್ಲರಿಗೂ ಥ್ಯಾಂಕ್ಸ್. ಹಳದಿ ಅಂಗೈ ಕಥೆ ಅತ್ತೆಗೆ ಓದಿ ಹೇಳಿದೆ. ಜ್ಯೂಸ್ ನಿಂತಿದೆ, ವಾರಕ್ಕೆರಡು ಸಲ ಪಲ್ಯಕ್ಕೆ ರಾಜಿಯಾಗಿದೆ. ಮೇಷ್ಟ್ರು ಬರೆದದ್ದನ್ನು ನಮ್ಮನೆಯವರು ಎರಡು ಸಲ ಓದಿದರು, ಏನೂ ಮಾತಾಡಲಿಲ್ಲ. ಶನಿವಾರ ಬೆಳಿಗ್ಗೆಗೆ ಹೆಸರು ಬರೆಸಿ ಬಂದರು.

ಚಿತ್ರದುರ್ಗ, ನಿವೃತ್ತ ಮೇಷ್ಟ್ರು

ಒಳ್ಳೇದಾಯ್ತಮ್ಮ. ಅವತ್ತು ಕಣ್ಣಿಗೆ ಡ್ರಾಪ್ಸ್ ಹಾಕಿ ಪಾಪೆ ಅಗಲ ಮಾಡುತ್ತಾರೆ, ನಾಲ್ಕೈದು ಗಂಟೆ ಬಿಸಿಲು ಕುಕ್ಕುತ್ತದೆ, ಹತ್ತಿರದ್ದು ಮಸುಕು. ಕಪ್ಪು ಕನ್ನಡಕ ಒಯ್ಯಿರಿ. ಬರುವಾಗ ಬೈಕ್ ಅವರ ಕೈಗೆ ಕೊಡಬೇಡಿ. ಆಟೋದಲ್ಲಿ ಬನ್ನಿ.