ವೆಸ್ಟರ್ನ್ ಕಾದಂಬರಿಕಾರರಿಗೆ ಬರವಣಿಗೆಯೇ ಜೀವನಾಧಾರವಾಗಿತ್ತೇ?

ಪ್ರಶ್ನೆ: ಕುದುರೆ, ಪಿಸ್ತೂಲು, ಮರುಭೂಮಿಗಳ ಸುತ್ತ ಹೆಣೆದ ಅಮೆರಿಕದ ‘ವೆಸ್ಟರ್ನ್’ ಕಾದಂಬರಿಗಳನ್ನು ಬರೆದವರು ಹೊಟ್ಟೆಪಾಡಿಗೆ ಅದನ್ನೊಂದೇ ನೆಚ್ಚಿಕೊಂಡಿದ್ದರೇ? ಬಲ್ಲವರು ದಯವಿಟ್ಟು ತಿಳಿಸಬೇಕು.

ಉತ್ತರ 1: ಝೇನ್ ಗ್ರೇ ಅವರನ್ನೇ ನೋಡಿ. ನ್ಯೂಯಾರ್ಕ್‌ನಲ್ಲಿ ದಂತವೈದ್ಯರಾಗಿದ್ದ ಅವರು 1903ರಲ್ಲಿ ಮೊದಲ ಕಾದಂಬರಿಯನ್ನು ಸ್ವಂತ ಏರ್ಪಾಡಿನಲ್ಲೇ ಅಚ್ಚು ಹಾಕಿಸಿದರು. ಆಮೇಲೂ ಹಸ್ತಪ್ರತಿಗಳು ಪ್ರಕಾಶಕರಿಂದ ಮೇಲಿಂದ ಮೇಲೆ ವಾಪಸು ಬಂದವು. 1912ರ ‘ರೈಡರ್ಸ್ ಆಫ್ ದಿ ಪರ್ಪಲ್ ಸೇಜ್’ ಅವರ ಹೆಸರನ್ನು ಮನೆಮನೆಗೆ ಮುಟ್ಟಿಸಿತು. ಅವರು ತೊಡೆಯ ಮೇಲೆ ಹಲಗೆಯಿಟ್ಟುಕೊಂಡು ಪೆನ್ಸಿಲ್‌ನಲ್ಲಿ ಬರೆದದ್ದನ್ನು ತಿದ್ದಿ, ಶುದ್ಧಪ್ರತಿ ಮಾಡಿ, ಪ್ರಕಾಶಕರೊಡನೆ ವ್ಯವಹಾರ ಕುದುರಿಸುತ್ತಿದ್ದವರು ಪತ್ನಿ ಡಾಲಿ. ಗ್ರೇ ಅವರಾದರೋ ತಿಂಗಳುಗಟ್ಟಲೆ ಮೀನು ಹಿಡಿಯಲು ಹೋಗಿಬಿಡುತ್ತಿದ್ದರು! ಪ್ರತಿಫಲದ ಮಾತು ಬಂದಾಗ ಡಾಲಿಯವರ ಹೆಸರನ್ನೇ ಮೊದಲು ಹೇಳಬೇಕೆಂಬುದು ನನ್ನ ಅಭಿಪ್ರಾಯ.

ಉತ್ತರ 2: ಎಲ್ಲರಿಗೂ ಆ ಭಾಗ್ಯವಿರಲಿಲ್ಲ. ಅಗ್ಗದ ಕಾಗದದ ‘ಪಲ್ಪ್’ ಪತ್ರಿಕೆಗಳು ಸಾಮಾನ್ಯವಾಗಿ ಪದಕ್ಕೆ ಒಂದೆರಡು ಸೆಂಟ್ ಕೊಡುತ್ತಿದ್ದವು. ಆ ಗರಡಿಯಲ್ಲಿ ಪಳಗಿದ ಲೂಯಿ ಲಮೂರ್ ಹಡಗು, ಗಣಿಗಳಲ್ಲಿ ದುಡಿದು ಬಂದವರು. 1953ರಲ್ಲಿ ‘ಹೊಂಡೊ’ ಹೊರಬಂದಾಗ ಅವರಿಗೆ ನಲವತ್ತೈದು ವರ್ಷ. ಆಮೇಲೆ ವರ್ಷಕ್ಕೆ ಎರಡು ಮೂರು ಕಾದಂಬರಿಗಳನ್ನು ಎಡೆಬಿಡದೆ ಬರೆದು, 1984ರಲ್ಲಿ ಪ್ರೆಸಿಡೆನ್ಷಿಯಲ್ ಮೆಡಲ್ ಆಫ್ ಫ್ರೀಡಮ್ ಗೌರವಕ್ಕೂ ಪಾತ್ರರಾದರು.

ಪ್ರಶ್ನೆ ಕೇಳಿದವರು: ಇಬ್ಬರಿಗೂ ಧನ್ಯವಾದಗಳು. ಪದಕ್ಕೆ ಒಂದು ಸೆಂಟ್ ಎಂದರೆ ಐದು ಸಾವಿರ ಪದಗಳ ಕಥೆಗೆ ಐವತ್ತೇ ಡಾಲರ್. ಕಥೆ ತಿರಸ್ಕೃತವಾದರೆ ಅದೂ ಇಲ್ಲ. ಅಷ್ಟು ವೇಗವಾಗಿ ಏಕೆ ಬರೆಯುತ್ತಿದ್ದರೆಂಬುದು ಈಗ ಅರ್ಥವಾಯಿತು.