ಜುಬೈಲಿಗೆ ಹೊರಟಿದ್ದೇನೆ: ಅಬಾಯಾ ತೊಡಲೇಬೇಕೇ?

ಪ್ರಶ್ನೆ (ಉಡುಪಿಯಿಂದ)

ನಮಸ್ಕಾರ. ನನ್ನ ಪತಿ ಸೌದಿಯ ಜುಬೈಲಿನಲ್ಲಿ ಕೆಲಸದಲ್ಲಿದ್ದು, ಮುಂದಿನ ತಿಂಗಳು ನಾನೂ ಮಾವನವರೂ ಅಲ್ಲಿಗೆ ಹೋಗುವವರಿದ್ದೇವೆ. ಯಾವ ಧರ್ಮದವರಾದರೂ ಹೆಂಗಸರು ಕಪ್ಪು ಅಬಾಯಾ (ಬಟ್ಟೆಯ ಮೇಲೆ ತೊಡುವ, ಮೈ ಮುಚ್ಚುವ ಸಡಿಲ ನಿಲುವಂಗಿ) ತೊಟ್ಟೇ ಹೊರಗೆ ಕಾಲಿಡಬೇಕೆಂದು ಹಿಂದೆ ಅಲ್ಲಿದ್ದು ಬಂದ ದೊಡ್ಡಮ್ಮ ಹೇಳುತ್ತಾರೆ. ಈಗ ಅದೆಲ್ಲ ಇಲ್ಲ, ಚೂಡಿದಾರ ಸಾಕು ಎನ್ನುತ್ತಾರೆ ಪತಿ. ನಿತ್ಯ ಸೀರೆ ಉಡುವ ನಾನು ಯಾರ ಮಾತು ಹಿಡಿಯಲಿ? ಮಾವನವರಂತೂ ಪೇಟೆಗೂ ಪಂಚೆಯಲ್ಲೇ ಹೋಗುವವರು.

ಉತ್ತರ 1 (ಜುಬೈಲಿನಿಂದ)

ಇಬ್ಬರ ಮಾತೂ ಸರಿಯೇ, ಕಾಲ ಮಾತ್ರ ಬೇರೆ. 2016ರಲ್ಲಿ ಮುತವ್ವಗಳ, ಅಂದರೆ ಧಾರ್ಮಿಕ ಪೊಲೀಸರ, ಬಂಧಿಸುವ ಅಧಿಕಾರವನ್ನು ಸರಕಾರ ಹಿಂತೆಗೆದುಕೊಂಡಿತು; 2019ರಲ್ಲಿ ಪ್ರವಾಸಿ ವೀಸಾ ಆರಂಭಿಸಿದಾಗ, ವಿದೇಶಿ ಮಹಿಳೆಯರು ಮೈ ಮುಚ್ಚುವ ಸಭ್ಯ ಉಡುಪು ಧರಿಸಿದರೆ ಸಾಕು, ಅಬಾಯಾ ಕಡ್ಡಾಯವಲ್ಲ ಎಂದು ತಿಳಿಸಿತು. ಹಾಗಿದ್ದರೂ ನನ್ನ ಬಳಿ ಎರಡು ಅಬಾಯಾಗಳಿವೆ. ಅಲ್ ಖೋಬರಿನ ಮಾಲ್‌ಗಳಿಗೆ ಸಡಿಲವಾದ ಚೂಡಿದಾರದಲ್ಲೇ ಹೋಗುತ್ತೇನೆ. ಹಳೆಯ ಮಾರುಕಟ್ಟೆಗೆ ಹೊರಟಾಗ ಮಾತ್ರ ಅಬಾಯಾ ತೊಡುತ್ತೇನೆ, ಯಾರೂ ತಿರುಗಿ ನೋಡುವುದಿಲ್ಲವೆಂಬ ನೆಮ್ಮದಿಗಾಗಿ.

ಸೀರೆಯ ಮೇಲೆ ಅಬಾಯಾ ತೊಟ್ಟು ನಾನು ಪಟ್ಟ ಪಾಡು ನಿಮಗೆ ಬೇಡ. ನೆರಿಗೆ ಮುಂದಕ್ಕೆ ಉಬ್ಬಿಕೊಳ್ಳುತ್ತದೆ, ಸೆರಗು ಒಳಗೇ ಸುರುಳಿಯಾಗುತ್ತದೆ, ಕಾರಿನಿಂದ ಇಳಿಯುವಾಗ ಎರಡರ ಅಂಚೂ ಒಟ್ಟಿಗೆ ಕಾಲಿಗೆ ಸಿಗುತ್ತದೆ. ನೆಲ ಗುಡಿಸುವಷ್ಟು ಉದ್ದವಿದ್ದ ನನ್ನ ಮೊದಲ ಅಬಾಯಾದ ಅಂಚು ಎಸ್ಕಲೇಟರಿನ ಹಲ್ಲಿಗೆ ಸಿಕ್ಕಿ ಹರಿದ ಮೇಲೆ, ದರ್ಜಿಯ ಬಳಿ ಎರಡು ಇಂಚು ಕತ್ತರಿಸಿ ಹೊಲಿಸಿಕೊಂಡೆ. ಬಟ್ಟೆ ಆರಿಸುವಾಗ ಹಗುರವಾದ ‘ನಿದಾ’ ಕೇಳಿ; ಅಗ್ಗದ ಪಾಲಿಯೆಸ್ಟರ್ ಆಗಸ್ಟಿನ ಸೆಕೆಯಲ್ಲಿ ಮೈಗೆ ಅಂಟಿಕೊಳ್ಳುತ್ತದೆ. ನಮ್ಮ ಕರಾವಳಿಯ ಬೆವರಿನ ಮೇಲೆ ಇನ್ನೂ ಹತ್ತು ಡಿಗ್ರಿ ಬಿಸಿಲನ್ನು ಕೂಡಿಸಿಕೊಳ್ಳಿ.

ಉತ್ತರ 2 (ದಮ್ಮಾಮಿನಿಂದ)

ಮಾವನವರ ವಿಷಯಕ್ಕೆ ಬರುತ್ತೇನೆ. ಮನೆಯೊಳಗೆ ಪಂಚೆಗೆ ಯಾರ ಅಡ್ಡಿಯೂ ಇಲ್ಲ. ನಮ್ಮವರೂ ಮಲಯಾಳಿಗಳೂ ಇರುವ ಓಣಿಗಳಲ್ಲಿ ಸಂಜೆ ಲುಂಗಿಯುಟ್ಟು ಹಾಲು ತರಲು ಹೊರಟವರು ಕಣ್ಣಿಗೆ ಬೀಳುತ್ತಾರೆ. ತೊಂದರೆಯಿರುವುದು, ನಡೆಯುತ್ತ ನಡೆಯುತ್ತ ಅದನ್ನು ಮೊಣಕಾಲಿನ ಮೇಲಕ್ಕೆ ಎತ್ತಿ ಕಟ್ಟುವ ನಮ್ಮ ಕೈಯ ಅಭ್ಯಾಸದಲ್ಲಿ. ಮಸೀದಿ ಮತ್ತು ಸರಕಾರಿ ಕಚೇರಿಗಳಿಗೆ ಚಡ್ಡಿ ತೊಟ್ಟು ಹೋದರೆ ದಂಡ ಹಾಕುವ ನಿಯಮವೇ ಇಲ್ಲಿದೆ. ಆದ್ದರಿಂದ ಬ್ಯಾಂಕು, ಆಸ್ಪತ್ರೆ, ಕಚೇರಿಗಳಿಗೆಂದು ಎರಡು ಪ್ಯಾಂಟು ಹೊಲಿಸಿಕೊಂಡು ಬರಲು ಅವರಿಗೆ ಹೇಳಿ.

ಪ್ರಶ್ನೆ ಕೇಳಿದವರು

ಇಬ್ಬರಿಗೂ ಧನ್ಯವಾದ. ತಲೆಯನ್ನೂ ಮುಚ್ಚಬೇಕೇ? ಕುಂಕುಮ ಇಟ್ಟುಕೊಂಡು ಹೋಗಬಹುದೇ?

ಉತ್ತರ 1ರವರು

ತಲೆ ಮುಚ್ಚಬೇಕಾಗಿಲ್ಲ, ನಾನು ವೇಲನ್ನು ಹೆಗಲ ಮೇಲಷ್ಟೇ ಇಟ್ಟುಕೊಳ್ಳುತ್ತೇನೆ. ಕುಂಕುಮ, ಕರಿಮಣಿಯ ಬಗ್ಗೆ ಇಷ್ಟು ವರ್ಷಗಳಲ್ಲಿ ನನ್ನನ್ನು ಕೇಳಿದವಳು ಒಬ್ಬಳೇ, ಅಂಗಡಿಯ ಹುಡುಗಿ, ಅದೂ ಕರಿಮಣಿ ಸರ ಎಲ್ಲಿ ಸಿಗುತ್ತದೆಂದು. ಅಬಾಯಾವನ್ನು ಊರಿನಿಂದ ಕೊಂಡು ತರಬೇಡಿ, ಇಲ್ಲಿ ನಿಮ್ಮ ಎತ್ತರಕ್ಕೆ ಸರಿಯಾಗಿ ಹೊಲಿದುಕೊಡುತ್ತಾರೆ. ಸೀರೆಗಳನ್ನು ನಾಲ್ಕಾದರೂ ತನ್ನಿ. ಹಬ್ಬಕ್ಕೆ ಯಾರದಾದರೂ ಮನೆಯಲ್ಲಿ ಸೇರಿದಾಗ ಅಬಾಯಾ ಬಾಗಿಲ ಹಿಂದಿನ ಮೊಳೆಯಲ್ಲಿರುತ್ತದೆ, ಒಳಗೆಲ್ಲ ಸೀರೆಯೇ.